ಕಟ್ಟಡಕ್ಕೂ ಒಂದು ಅಂಕಪಟ್ಟಿ

ಮನೆ ನೋಡಲು ಬಂದವರು ನಮ್ಮಲ್ಲಿ ಮೊದಲು ಕೇಳುವುದು ನೀರು, ಆಮೇಲೆ ಗಾಳಿ ಬೆಳಕು, ಕೊನೆಗೆ ಬಾಡಿಗೆ. ಕಚೇರಿ ಕಟ್ಟಡಗಳಿಗೆ ಇಂಥ ವಿಚಾರಣೆ ನಡೆಸಿ ಅಂಕ ಕೊಡುವ ಪದ್ಧತಿಯನ್ನು 1990ರಲ್ಲಿ ಶುರುಮಾಡಿದವರು ಬ್ರಿಟನ್ನಿನವರು. ಅದರ ಹೆಸರು ‘ಬ್ರೀಯಾಮ್’. ಅಮೆರಿಕದವರು ಸುಮ್ಮನಿದ್ದಾರೆಯೇ? 1999ರಲ್ಲಿ ಅಲ್ಲಿ ಕಟ್ಟಡಗಳಿಗೂ ‘ಎನರ್ಜಿ ಸ್ಟಾರ್’ ಮುದ್ರೆ ಬಿತ್ತು, 2000ದಲ್ಲಿ ‘ಲೀಡ್’ ಬಂತು.

ಮುದ್ರೆಯೇನೋ ಸರಿ, ಮಾಲೀಕನಿಗೆ ಸಿಕ್ಕಿದ್ದೇನು? ಒಳ್ಳೆಯ ಗಾಜು, ಒಳ್ಳೆಯ ಏರ್ ಕಂಡೀಷನರ್ ಹಾಕಿಸುವ ಖರ್ಚು ಅವನದು. ಕರೆಂಟ್ ಬಿಲ್ಲು ಇಳಿದರೆ ಅನೇಕ ಕಡೆ ಅದರ ಲಾಭ ಬಾಡಿಗೆದಾರನಿಗೆ. ಹೀಗಿದ್ದ ಮೇಲೆ ಯಾವ ಪುಣ್ಯಾತ್ಮ ಕೈಬಿಚ್ಚುತ್ತಾನೆ? ಬಾಡಿಗೆ ಏರಬೇಕು, ಇಲ್ಲವೇ ಮಾರುವಾಗ ಬೆಲೆ ಏರಬೇಕು.

ಏರುತ್ತದೆಯೇ ಎಂದು ಲೆಕ್ಕ ಹಾಕಿದವರು ಐಖೋಲ್ಟ್ಸ್, ಕೊಕ್ ಮತ್ತು ಕ್ವಿಗ್ಲಿ ಎಂಬ ಮೂವರು ಅರ್ಥಶಾಸ್ತ್ರಜ್ಞರು. 2010ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಬಂದ ಅವರ ಲೇಖನದ ಕ್ರಮವೇ ಚೆಂದ. ಮುದ್ರೆ ಬಿದ್ದ ಪ್ರತಿಯೊಂದು ಕಟ್ಟಡವನ್ನೂ ಅದರ ಸುತ್ತ ಕಾಲು ಮೈಲಿಯೊಳಗಿನ ಕಟ್ಟಡಗಳ ಜೊತೆಗೇ ತೂಗಿದರು. ಬಾಡಿಗೆಯಲ್ಲಿ ಬಹುಪಾಲು ಬೀದಿಯ ಮಹಿಮೆಯಲ್ಲವೇ! ಅದನ್ನು ಕಳೆದು, ವಯಸ್ಸು, ಗಾತ್ರ, ದರ್ಜೆಗಳನ್ನೂ ಸರಿದೂಗಿಸಿ ನೋಡಿದರೆ ಬಾಡಿಗೆ ಸುಮಾರು ಶೇಕಡಾ 3 ಹೆಚ್ಚು. ಕಟ್ಟಡ ಎಷ್ಟು ಭರ್ತಿಯಾಗಿದೆ ಎಂಬುದನ್ನೂ ಸೇರಿಸಿದರೆ ಶೇಕಡಾ 7ರಷ್ಟು. ಮಾರಾಟದ ಬೆಲೆಯಂತೂ ಶೇಕಡಾ 16ರವರೆಗೆ.

ಸಾಲದ ಕಾಗದಗಳನ್ನು ಓದುತ್ತ ತಲೆ ನರೆತ ನನ್ನಂಥವನಿಗೆ ಹಿಡಿಸಿದ್ದು ಈ ಅಂಕಿಗಳಲ್ಲ, ಅವುಗಳ ಒಳಗಿನ ಒಂದು ವಿವರ. ಬಾಡಿಗೆಯ ಹೆಚ್ಚಳ ಎನರ್ಜಿ ಸ್ಟಾರ್ ಕಟ್ಟಡಗಳಲ್ಲಿ ಸ್ಪಷ್ಟವಾಗಿತ್ತು. ಲೀಡ್ ಕಟ್ಟಡಗಳಲ್ಲಿ ಅಷ್ಟು ಖಚಿತವಾಗಿ ಕಾಣಲಿಲ್ಲ. ಎನರ್ಜಿ ಸ್ಟಾರ್ ನೋಡುವುದು ಕಟ್ಟಡ ನಿಜವಾಗಿ ಉರಿಸಿದ ಇಂಧನವನ್ನು; ನೂರಕ್ಕೆ 75 ಬಂದರೆ ಮಾತ್ರ ಮುದ್ರೆ. ಲೀಡ್‌ನ ಅಂಕಗಳು ನಿವೇಶನ, ನೀರು, ಸಾಮಗ್ರಿ ಎಂದು ಹತ್ತು ಕಡೆಯಿಂದ ಕೂಡಿಬರುತ್ತವೆ. ಮಾರುಕಟ್ಟೆ ಬಿಲ್ಲನ್ನು ಓದಿತು, ಫಲಕವನ್ನಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಹಾಗೆಂದು ಮುದ್ರೆಯಿಂದಲೇ ಬೆಲೆ ಬಂತೆನ್ನಲು ಧೈರ್ಯ ಸಾಲದು. ಚೆನ್ನಾಗಿ ನೋಡಿಕೊಳ್ಳುವ ಮಾಲೀಕನೇ ಮುದ್ರೆಗೂ ಅರ್ಜಿ ಹಾಕುವವನು.

ಬ್ರಿಟನ್ನಿನಲ್ಲಿ ಈಗ ಮಾತೇ ಬದಲಾಗಿದೆ. ಇಂಧನ ದರ್ಜೆ ‘ಎಫ್’ ಅಥವಾ ‘ಜಿ’ ಇರುವ ವಾಣಿಜ್ಯ ಕಟ್ಟಡವನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲವೆಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2018ರ ಏಪ್ರಿಲ್‌ನಲ್ಲಿ ನಿಯಮ ಬಂತು. 2023ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿ ಬಿಟ್ಟರೆ, ಹಳೆಯ ಕರಾರುಗಳಿಗೂ ಅದೇ ನಿಯಮ. ಅಲ್ಲಿನ ಕೆಳದರ್ಜೆಯ ಕಟ್ಟಡದ ಮಾಲೀಕ ಶೇಕಡಾ 3ರ ಆಸೆಗೆ ಕೂತಿಲ್ಲ. ಬಾಗಿಲಿಗೆ ‘ಬಾಡಿಗೆಗೆ ಇದೆ’ ಎಂದು ಬೋರ್ಡು ಹಾಕಲು ಮೊದಲು ಎಷ್ಟು ಖರ್ಚಾದೀತೆಂದು ಕೂಡಿಸುತ್ತ ಕೂತಿದ್ದಾನೆ.