ಎರಡು ‘ಸೊರಬ’: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ

ಕನ್ನಡದ ಮಾಹಿತಿ ಇಟ್ಕೊಂಡು ಕೋಡ್ ಬರೆಯೋರಿಗೆ ಇವತ್ತು ಒಂದೇ ಸಾಲಿನ ಮದ್ದು ಹೇಳ್ತೀನಿ. ಅದಕ್ಕೂ ಮುಂಚೆ ಕಾಯಿಲೆಯ ಚರಿತ್ರೆ ಸ್ವಲ್ಪ ನೋಡೋಣ.

ಶಿವಮೊಗ್ಗ ಜಿಲ್ಲೆಯ ಎರಡು ತಾಲೂಕು ತಗೊಳ್ಳಿ: ಶಿಕಾರಿಪುರ, ಸೊರಬ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಿಕಾರಿಪುರದ ಶಾಸನಗಳನ್ನು 7ನೇ ಸಂಪುಟದಲ್ಲಿ (1902), ಸೊರಬದವನ್ನು 8ನೇ ಸಂಪುಟದಲ್ಲಿ (1904) ಪ್ರಕಟಿಸಿದರು. ಪ್ರತಿ ಶಾಸನಕ್ಕೂ ತಾಲೂಕಿನ ಹೆಸರು, ಪಕ್ಕದಲ್ಲೊಂದು ಸಂಖ್ಯೆ. ತಾಳಗುಂದದ ಕದಂಬರ ಸ್ತಂಭ ಶಾಸನ ಅಂದ್ರೆ ‘ಶಿಕಾರಿಪುರ 176’. ನೂರು ವರ್ಷ ದಾಟಿದರೂ ಸಂಶೋಧಕರು ಇದೇ ಗುರುತು ಹಿಡಿದು ಹುಡುಕ್ತಾರೆ. ಯಾಕಂದ್ರೆ ಗುರುತು ಎಲ್ಲ ಕಡೆ ಒಂದೇ.

ಕಂಪ್ಯೂಟರಿಗೆ ಕನ್ನಡ ಬಂದಾಗ ಈ ಶಿಸ್ತು ತಪ್ಪಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮ ಬೆರಳಿಗೆ ಕನ್ನಡ ಕೊಟ್ಟವು. ಅದು ದೊಡ್ಡ ಉಪಕಾರ. ಆದರೆ ಆಗಿನ ಫಾಂಟುಗಳ ಫೈಲಿನಲ್ಲಿ ಉಳಿಯುತ್ತಿದ್ದದ್ದು ಅಕ್ಷರವಲ್ಲ, ಅಕ್ಷರದ ತುಂಡು ಆಕಾರಗಳು. ‘ಸೊ’ ಅಂದ್ರೆ ಎತ್ವದ ಒಂದು ತುಂಡು, ಕೊಂಬಿನ ಇಳಿಯ ಇನ್ನೊಂದು ತುಂಡು. ಅರ್ಕಾವತ್ತು ಕಣ್ಣಿಗೆ ಕಾಣೋ ಹಾಗೆ ಅಕ್ಷರದ ನಂತರವೇ ಕೂತಿರುತ್ತಿತ್ತು. ಫಾಂಟ್ ಇಲ್ಲದೆ ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳ ಗೊಂದಲ.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತು. ಭಾರತದ್ದೇ ಆದ 1988ರ ‘ಇಸ್ಕಿ’ ಸಂಕೇತ ವ್ಯವಸ್ಥೆ ಅದಕ್ಕೆ ಆಧಾರ. ಇಲ್ಲಿ ಉಳಿಯೋದು ಆಕಾರವಲ್ಲ, ಅಕ್ಷರ. ಅದೂ ಉಚ್ಚಾರದ ಕ್ರಮದಲ್ಲಿ. ಆದರೆ ‘ಒ’ಕಾರದ ಚಿಹ್ನೆಯನ್ನು ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ‘ಎ’ಕಾರ ಮತ್ತು ‘ಊ’ಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟು. ಹಳೇ ಫೈಲನ್ನು ತುಂಡಿಗೆ ತುಂಡು ಅಂತ ಬದಲಿಸಿದ ಪರಿವರ್ತಕ ಎರಡನೆಯದನ್ನೇ ಹೊರಗೆ ಹಾಕುತ್ತೆ. ಹಾಗಾಗಿ ‘ಸೊರಬ’ ಒಂದು ಕಡೆ 4 ಸಂಕೇತ, ಇನ್ನೊಂದು ಕಡೆ 5. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೋಲಿಸಿ ನೋಡಿದರೆ ಎರಡೂ ಒಂದಲ್ಲ ಅನ್ನುತ್ತೆ ಪ್ರೋಗ್ರಾಂ. ‘ಶಿಕಾರಿಪುರ’ಕ್ಕೆ ಈ ಕಾಟ ಇಲ್ಲ, ಅದು ಹೇಗೆ ಬಂದರೂ 9 ಸಂಕೇತವೇ.

ಇದು ಬರೀ ಊರಿನ ಹೆಸರಿನ ಮಾತಲ್ಲ. ಲೋಕೇಶ, ಶೋಭಾ, ಗೀತಾ, ಎಲ್ಲರಿಗೂ ಇದೇ ಅಪಾಯ. ಪಹಣಿಯಲ್ಲೋ ಫಲಾನುಭವಿಗಳ ಪಟ್ಟಿಯಲ್ಲೋ ಹೆಸರು ಇದ್ದೂ, ಹುಡುಕಿದಾಗ ಸಿಗದಿದ್ದರೆ ಕೌಂಟರಿನಲ್ಲಿ ಬರೋ ಉತ್ತರ ಒಂದೇ: ‘ನಿಮ್ಮ ಹೆಸರಿಲ್ಲ, ನಾಳೆ ಬನ್ನಿ.’

ಈಗ ಮದ್ದು. ಪೈಥಾನಿನಲ್ಲಿ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಫಂಕ್ಷನ್ 2003ರ 2.3 ಆವೃತ್ತಿಯಿಂದಲೇ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಅದೇ ಹೆಸರಿನ ಮೆಥಡ್ 2015ರಲ್ಲಿ ಬಂತು. ಎರಡಕ್ಕೂ ‘ಎನ್‌ಎಫ್‌ಸಿ’ ಅನ್ನೋ ರೂಪ ಕೊಡಿ, 5 ಇದ್ದದ್ದು 4 ಆಗುತ್ತೆ. ಮಾಹಿತಿ ಉಳಿಸುವಾಗಲೂ ಮಾಡಿ, ಬಳಕೆದಾರರು ಹುಡುಕುವಾಗಲೂ ಮಾಡಿ. ಒಂದೇ ಕಡೆ ಮಾಡಿದರೆ ಪ್ರಯೋಜನವಿಲ್ಲ.

ಇನ್ನೆರಡು ಕಿವಿಮಾತು. ‘ರಾಜ್‌ಕುಮಾರ್’ ಥರದ ಹೆಸರಲ್ಲಿ ಒತ್ತಕ್ಷರ ಆಗದಂತೆ ತಡೆಯೋ, ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತೆ. ನಾರ್ಮಲೈಸ್ ಅದನ್ನು ತೆಗೆಯಲ್ಲ. ಮೂಲ ಪಠ್ಯದಲ್ಲಿ ಅದು ಹಾಗೇ ಇರಲಿ, ಹುಡುಕಾಟಕ್ಕೆ ಮಾಡಿಕೊಂಡ ಪ್ರತಿಯಲ್ಲಿ ಮಾತ್ರ ತೆಗೀರಿ. ಎರಡನೆಯದು, ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ‘ಶಿಕಾರಿಪುರ’ಕ್ಕೆ 27 ಬೇಕು. ಬೈಟ್ ಎಣಿಸಿ ಹೆಸರು ಕತ್ತರಿಸಬೇಡಿ.

ರೈಸ್ ಕೊಟ್ಟ ಗುರುತು ಇವತ್ತಿಗೂ ಕೆಲಸಕ್ಕೆ ಬರ್ತಿದೆ. ನಾವು ಉಳಿಸೋ ಹೆಸರೂ ಹಾಗೇ ಹುಡುಕಿದವರ ಕೈಗೆ ಸಿಗಬೇಕು. ಈ ಒಂದು ಸಾಲನ್ನ ನಿಮ್ಮ ಪಕ್ಕದಲ್ಲಿ ಕೂತು ಕೋಡ್ ಬರೆಯೋರಿಗೂ ತಲುಪಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.