ಒಂದಂಕಿ ಶಾಲೆಗಳ ಲೆಕ್ಕ: ಅತ್ತಿವೇರಿ ಕಡೆಯಿಂದ ಒಂದು ನೋಟ

ಇವತ್ತು ಶಾಲಾ ಅಂಕಿಅಂಶಗಳ ಇತಿಹಾಸ. ಬೋರ್ ಅನ್ಬೇಡಿ. ಮುಂಡಗೋಡ ತಾಲೂಕಿನ ಅತ್ತಿವೇರಿಯಂಥ ಕಾಡಂಚಿನ ಊರುಗಳ ಕಡೆ, ಮಕ್ಕಳ ಕಾಲುನಡಿಗೆ ದೂರದಲ್ಲಿ ಶಾಲೆ ಉಳಿಯುತ್ತೋ ಇಲ್ವೋ ಅನ್ನೋದು ಎಷ್ಟೋ ಸಲ ಒಂದು ಕಾಲಂನಲ್ಲಿರೋ ಸಂಖ್ಯೆ ಮೇಲೆ ನಿಂತಿರುತ್ತೆ.

1957ರಲ್ಲಿ ಮೊದಲ ಅಖಿಲ ಭಾರತ ಶೈಕ್ಷಣಿಕ ಸಮೀಕ್ಷೆ ನಡೀತು. ಉತ್ತರ ಕನ್ನಡ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಒಂದು ವರ್ಷ. ಸಮೀಕ್ಷೆ ಕೇಳಿದ್ದು: ಜನವಸತಿ ಎಲ್ಲಿದೆ, ಶಾಲೆ ಎಷ್ಟು ದೂರ? ಅಳೆದಿದ್ದು ದೂರವನ್ನ, ಹಾಗಾಗಿ ಉತ್ತರ ‘ಶಾಲೆ ತೆರೆಯಿರಿ’ ಅಂತಲೇ ಬಂತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯೂ ಆಯ್ತು.

1986ರ ರಾಷ್ಟ್ರೀಯ ನೀತಿ ಬಂದ ಮೇಲೆ ಪ್ರಶ್ನೆ ಬದಲಾಯ್ತು. ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಕೇಳಿದ್ದು ಎರಡು ಕೊಠಡಿ ಇದೆಯಾ, ಇಬ್ಬರು ಶಿಕ್ಷಕರು ಇದ್ದಾರಾ ಅಂತ. 90ರ ದಶಕದ ಮಧ್ಯದಲ್ಲಿ ಡೈಸ್, 2012-13ರಿಂದ ಯು-ಡೈಸ್ ಬಂತು. ಕರ್ನಾಟಕದಲ್ಲಿ ಈಗ ಸ್ಯಾಟ್ಸ್ ಮೂಲಕ ಪ್ರತಿ ಮಗುವಿಗೂ ಒಂದು ನಂಬರ್ ಇದೆ.

ಇಲ್ಲಿ ನಮ್ಮ ಬಿಕಾಂ ಪಾಠ ಉಪಯೋಗಕ್ಕೆ ಬರುತ್ತೆ. ಬ್ಯಾಲೆನ್ಸ್ ಶೀಟ್ ಅಂದ್ರೆ ಒಂದು ದಿನದ ಫೋಟೋ. ಡೈಸ್ ಲೆಕ್ಕವೂ ಹಾಗೇ, ಸೆಪ್ಟೆಂಬರ್ 30ರಂದು ಇದ್ದ ಸ್ಥಿತಿ. ದೀಪಾವಳಿ ಕಳೆದು ಅಪ್ಪ-ಅಮ್ಮನ ಜೊತೆ ಕಬ್ಬು ಕಡಿಯೋಕೆ ಹೋದ ಮಗು ಆ ಫೋಟೋದಲ್ಲಿ ನಗ್ತಾ ನಿಂತಿರುತ್ತೆ.

ಇನ್ನೊಂದು ಅಪಾಯ ಶೇಕಡಾವಾರಿನದು. ಹತ್ತು ಮಕ್ಕಳ ಶಾಲೆಯಿಂದ ಇಬ್ಬರು ಹೋದ್ರೆ ದಾಖಲಾತಿ ‘ಶೇ. 20 ಕುಸಿತ’. ಇನ್ನೂರು ಮಕ್ಕಳ ಶಾಲೆಯಲ್ಲಿ ಅದೇ ಇಬ್ಬರು ಶೇ. 1.

ಇದು ಬರೀ ಗಣಿತ ಅಲ್ಲ. 2018ರ ಜುಲೈ ಬಜೆಟ್‌ನಲ್ಲಿ, ಒಂದು ಕಿಲೋಮೀಟರ್ ವ್ಯಾಪ್ತಿಯ 28,847 ಶಾಲೆಗಳನ್ನ 8,530 ಶಾಲೆಗಳ ಜೊತೆ ವಿಲೀನ ಮಾಡೋ ಪ್ರಸ್ತಾಪ ಬಂತು, ದೊಡ್ಡ ವಿರೋಧವೂ ಎದ್ದಿತು. ವಿಲೀನದ ಪರ ವಾದದಲ್ಲೂ ಹುರುಳಿದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಐದು ತರಗತಿಗೆ ಇಬ್ಬರು ಅಂದ್ರೆ ಪಾಠ ಹೇಗೆ ನಡೀಬೇಕು? ಆದ್ರೆ ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯ ಒಂದು ಕಿಲೋಮೀಟರ್ ಮಧ್ಯೆ ಹಳ್ಳ ಇರಬಹುದು, ಮಳೆಗಾಲದ ಕಾಡುದಾರಿ ಇರಬಹುದು. ಗೌಳಿ ಮನೆಯಲ್ಲಿ ಮರಾಠಿ ಬೆರೆತ ಮಾತು, ಸಿದ್ದಿ ಮನೆಯಲ್ಲಿ ಕೊಂಕಣಿ. ಕನ್ನಡ ಶಾಲೆಗೆ ಕಾಲಿಡೋ ಆರು ವರ್ಷದ ಮಗುವಿಗೆ ಪರಿಚಯದ ಟೀಚರ್ ಹತ್ತಿರ ಇರೋದು ಸಣ್ಣ ವಿಷಯ ಅಲ್ಲ.

ಹಾಗಾದ್ರೆ ದತ್ತಾಂಶ ಬಿಟ್ಟುಬಿಡೋದಾ? ಇಲ್ಲ, ಸರಿಯಾಗಿ ಓದೋದು. ಮೊದಲನೆಯದು, ಮುಂಡಗೋಡದ ಲೆಕ್ಕ ಶಿಕ್ಷಣ ಇಲಾಖೆಯಲ್ಲಿ ಕಾರವಾರದ ಕೆಳಗೆ ಸಿಗಲ್ಲ. ಅದು ಶಿರಸಿ ಶೈಕ್ಷಣಿಕ ಜಿಲ್ಲೆ. ಎರಡನೆಯದು, ಒಂದು ವರ್ಷ ನೋಡಬೇಡಿ, ಐದು ವರ್ಷ ಸಾಲಾಗಿ ಇಡಿ. ಮೂರನೆಯದು, ದಾಖಲಾತಿ ಇಳಿದಿದ್ರೆ ಕಾರಣ ಕೇಳಿ. ಖಾಸಗಿ ಶಾಲೆ ವ್ಯಾನ್ ಬಂತಾ? ಕುಟುಂಬಗಳು ಗುಳೆ ಹೋದವಾ? ಅಥವಾ ಮಕ್ಕಳೇ ಕಡಿಮೆ ಹುಟ್ಟಿದ್ದಾರಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಫಲವತ್ತತೆ ದರ 1.7ಕ್ಕೆ ಇಳಿದಿತ್ತು.

ಮೂರು ಕಾರಣಕ್ಕೂ ಕಾಲಂನಲ್ಲಿ ಬರೋದು ಒಂದೇ ಸಂಖ್ಯೆ, ಪರಿಹಾರ ಮಾತ್ರ ಬೇರೆ ಬೇರೆ. ನಿಮ್ಮೂರಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಈ ಸಂಖ್ಯೆ ಕೇಳಿ, ಜೊತೆಗೆ ಕಾರಣವನ್ನೂ ಬರೆಸಿ. ವಿಲೀನದ ಮಾತು ಬಂದಾಗ ನಿಮ್ಮ ಕೈಯಲ್ಲಿ ಅದೊಂದು ಕಾಗದ ಇರಲಿ.