ಆಂಬುಲೆನ್ಸ್ ಕೆಲಸದ ಸಂದರ್ಶನಕ್ಕೆ ಏನು ಹಾಕ್ಕೊಂಡು ಹೋಗ್ಬೇಕು? ಇತಿಹಾಸ ಏನು ಹೇಳುತ್ತೆ ಕೇಳಿ

  ಇವತ್ತಿನ ಕಂತು ಒಂದು ವಾಯ್ಸ್ ಮೆಸೇಜಿನಿಂದ ಶುರುವಾಗುತ್ತೆ.

ಹುಣಸಗಿ ಕಡೆಯ ಒಬ್ಬ ತಂಗಿ ಕಳಿಸಿದ್ದು. ನರ್ಸಿಂಗ್ ಮುಗಿಸಿದ್ದಾಳೆ. ಆಂಬುಲೆನ್ಸಿನಲ್ಲಿ ಇಎಂಟಿ ಕೆಲಸಕ್ಕೆ, ಅಂದ್ರೆ ಹಿಂದಿನ ಭಾಗದಲ್ಲಿ ರೋಗಿಯ ಪಕ್ಕ ಕೂತು ಚಿಕಿತ್ಸೆ ಕೊಡೋ ಕೆಲಸಕ್ಕೆ, ಸಂದರ್ಶನಕ್ಕೆ ಕರೆದಿದ್ದಾರೆ. ಅವಳ ಮಾತು ಇಷ್ಟು: "ಅಣ್ಣಾ, ಏನ್ ಹಾಕ್ಕೊಂಡು ಹೋಗ್ಲಿ? ಅವ್ವ ಸೀರಿ ಉಟ್ಕೊಂಡು ಹೋಗು ಅಂತಾಳ. ಗೆಳತಿ ಕೋಟು ಹಾಕ್ಬೇಕು, ಇಲ್ಲಂದ್ರ ಹಳ್ಳಿಯವರು ಅಂತ ತಿಳ್ಕೊಂತಾರ ಅಂತಾಳ. ಕೋಟಿಗೆ ರೊಕ್ಕ ಎಲ್ಲಿಂದ ತರ್ಲಿ?"

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದ್ರೆ ಕೋಟಿಗೆ ಸಾಲ ಮಾಡ್ಬೇಕಾ ಅನ್ನೋದು ಒಂದು ಮನೆಗೆ ಸಣ್ಣ ಪ್ರಶ್ನೆ ಅಲ್ಲ. ಅದಕ್ಕೇ ಇವತ್ತು ಇತಿಹಾಸದಿಂದಲೇ ಉತ್ತರ ಹುಡುಕೋಣ. ಕಚೇರಿ ಬಟ್ಟೆ ಎಲ್ಲಿಂದ ಬಂತು, ಆಂಬುಲೆನ್ಸ್ ಬಟ್ಟೆ ಎಲ್ಲಿಂದ ಬಂತು ಅಂತ ನೋಡೋಣ. ಎರಡೂ ಬೇರೆ ಬೇರೆ ದಾರಿ ಹಿಡಿದು ಬಂದಿವೆ.

ಮೊದಲು ನಮ್ಮ ಊರಿನ ಮಾತು. ಹುಣಸಗಿ ಅಂದ್ರೆ ಪ್ರಾಚ್ಯಶಾಸ್ತ್ರ ಓದಿದವರಿಗೆ ದೊಡ್ಡ ಹೆಸರು. ಹುಣಸಗಿ–ಬೈಚಬಾಳ ಕಣಿವೆಯಲ್ಲಿ, ಇಸಾಂಪುರದ ಹತ್ತಿರ, ಹತ್ತು ಲಕ್ಷ ವರ್ಷಕ್ಕೂ ಹಳೆಯ ಕಲ್ಲಿನ ಉಪಕರಣ ಸಿಕ್ಕಿವೆ. ಪ್ರೊಫೆಸರ್ ಕೆ. ಪದ್ದಯ್ಯ ಅವರ ತಂಡ ದಶಕಗಳ ಕಾಲ ಇಲ್ಲಿ ಕೆಲಸ ಮಾಡ್ತು. ಆ ಕಲ್ಲು ಮಾಡಿದವರಿಗೆ ಕಚೇರಿಯೂ ಇರಲಿಲ್ಲ, ಸಂದರ್ಶನವೂ ಇರಲಿಲ್ಲ. ಪುಣ್ಯವಂತರು!

ಕಚೇರಿ ಬಂದದ್ದು ಬಹಳ ಆಮೇಲೆ. ಸುರಪುರ ಸಂಸ್ಥಾನದ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತು ಸೋತರು. 1860ರಲ್ಲಿ ಬ್ರಿಟಿಷರು ಸುರಪುರವನ್ನು ಹೈದರಾಬಾದ್ ನಿಜಾಮರಿಗೆ ಕೊಟ್ಟರು. ಅಲ್ಲಿಂದ 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಡಳಿತದಲ್ಲಿದ್ವಿ. ಆ ರಾಜ್ಯದಲ್ಲಿ ಗೌರವದ ಉಡುಪು ಅಂದ್ರೆ ಶೇರ್ವಾನಿ, ಕಚೇರಿ ಭಾಷೆ ಉರ್ದು. ಹೊಲದವರು ಉಡ್ತಿದ್ದದ್ದು ಧೋತರ, ಸುತ್ತಿಕೊಳ್ತಿದ್ದದ್ದು ರುಮಾಲು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿ ಭಾಷೆ ಬದಲಾಯ್ತು. ನೋಡ್ತಾ ನೋಡ್ತಾ ಶೇರ್ವಾನಿ ಹೋಗಿ ಪ್ಯಾಂಟು-ಅಂಗಿ ಬಂತು. ಈಗ ಕೋಟು, ಟೈ.

ಇದರಿಂದ ಒಂದು ವಿಷಯ ತಿಳಿಯುತ್ತೆ. ಕಚೇರಿಯ ಬಟ್ಟೆ ಕುರ್ಚಿ ಮೇಲೆ ಕೂತವರ ಬಟ್ಟೆ. ಅವರು ಬದಲಾದ್ರೆ ಅದೂ ಬದಲಾಗುತ್ತೆ. ಎದುರಿಗೆ ನಿಂತವನು "ನಾನೂ ನಿಮ್ಮಂಥವನೇ" ಅಂತ ತೋರಿಸೋಕೆ ಅದನ್ನು ಹಾಕ್ಕೊಳ್ತಾನೆ. ಕೋಟಿಗೆ ಸಾಲ ಮಾಡೋ ಕಥೆ ಹುಟ್ಟೋದು ಇಲ್ಲಿಂದ.

ಆದ್ರೆ ಆಂಬುಲೆನ್ಸಿನವರ ಬಟ್ಟೆಗೆ ಬೇರೆ ಕಾರಣ ಇದೆ. ಅದನ್ನು ನೋಡೋಕೆ ಯುದ್ಧಭೂಮಿಗೆ ಹೋಗ್ಬೇಕು.

1790ರ ದಶಕದ ಫ್ರಾನ್ಸ್. ಗಾಯಗೊಂಡ ಸೈನಿಕರು ಯುದ್ಧ ಮುಗಿಯೋವರೆಗೂ ಮೈದಾನದಲ್ಲೇ ಬಿದ್ದಿರ್ತಿದ್ರು. ಡೊಮಿನಿಕ್ ಲಾರೆ ಅನ್ನೋ ಶಸ್ತ್ರಚಿಕಿತ್ಸಕ ಇದನ್ನು ಬದಲಾಯಿಸಿದ. ಹಗುರವಾದ ಕುದುರೆ ಗಾಡಿ ಮಾಡಿಸಿ, ಯುದ್ಧ ನಡೀತಿರುವಾಗಲೇ ಗಾಯಾಳುಗಳನ್ನು ಎತ್ತಿಕೊಂಡು ಬರೋ ವ್ಯವಸ್ಥೆ ಮಾಡಿದ. ಅದಕ್ಕೆ 'ಹಾರುವ ಆಂಬುಲೆನ್ಸ್' ಅಂತ ಹೆಸರು ಬಂತು. ಮೊದಲು ಯಾರನ್ನು ನೋಡ್ಬೇಕು ಅನ್ನೋದನ್ನು ಹುದ್ದೆ ನೋಡಿ ಅಲ್ಲ, ಗಾಯ ನೋಡಿ ನಿರ್ಧರಿಸಬೇಕು ಅಂದವನೂ ಅವನೇ.

ಆದ್ರೆ ಒಂದು ತೊಂದರೆ. ಗುಂಡು ಹಾರ್ತಿರೋ ಜಾಗದಲ್ಲಿ ಸಹಾಯಕ್ಕೆ ಬಂದವನು ಯಾರು, ಕೊಲ್ಲೋಕೆ ಬಂದವನು ಯಾರು ಅಂತ ಗೊತ್ತಾಗೋದು ಹೇಗೆ? 1864ರ ಜಿನೀವಾ ಒಪ್ಪಂದ ಇದಕ್ಕೆ ದಾರಿ ಹುಡುಕಿತು. ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. ಆಸ್ಪತ್ರೆ ಮೇಲೆ ಬಾವುಟ, ಸಹಾಯಕರ ತೋಳಿಗೆ ಪಟ್ಟಿ. ದೂರದಿಂದ ನೋಡಿದವರಿಗೂ ಒಂದೇ ಕ್ಷಣದಲ್ಲಿ ಗೊತ್ತಾಗ್ಬೇಕು, ಅಷ್ಟೇ ಅದರ ಕೆಲಸ.

ಆ ಪಟ್ಟಿಯನ್ನು ನಮಗೆಲ್ಲ ಗೊತ್ತಿರೋ ಒಬ್ಬರೂ ಕಟ್ಟಿದ್ರು. 1899ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಗಾಂಧೀಜಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಕರಾರಿನ ಮೇಲೆ ದುಡಿಯೋಕೆ ಹೋಗಿದ್ದ ಕೂಲಿಗಳು. ಕೆಲವು ದಿನ ಗಾಯಾಳುಗಳನ್ನು ಸ್ಟ್ರೆಚರ್ ಮೇಲೆ ಹೊತ್ತು 20ರಿಂದ 25 ಮೈಲಿ ನಡೆದ್ವಿ ಅಂತ ಗಾಂಧೀಜಿ ಬರೆದಿದ್ದಾರೆ. ಅಂದ್ರೆ 32ರಿಂದ 40 ಕಿಲೋಮೀಟರ್! ಅಲ್ಲಿವರೆಗೆ 'ಕೂಲಿ' ಅಂತ ಕರೆಸಿಕೊಂಡವರ ತೋಳಿಗೆ ಆ ಪಟ್ಟಿ ಬಂದಾಗ ಬಟ್ಟೆಯ ಅರ್ಥವೇ ಬದಲಾಯ್ತು. ಈತ ಯಾರ ಮಗ ಅನ್ನೋದು ಹಿಂದೆ ಹೋಯ್ತು, ಈತ ಏನು ಮಾಡ್ತಾನೆ ಅನ್ನೋದು ಮುಂದೆ ಬಂತು.

ಇನ್ನು ಎರಡನೇ ಎಳೆ, ಸ್ವಚ್ಛತೆ. 19ನೇ ಶತಮಾನದ ಬಹುಕಾಲ ಡಾಕ್ಟರುಗಳು ಆಪರೇಷನ್ ಮಾಡ್ತಿದ್ದದ್ದು ಕಪ್ಪು ಕೋಟಿನಲ್ಲಿ. ಹೌದು, ಮನೆಯಿಂದ ಹಾಕ್ಕೊಂಡು ಬಂದ ಅದೇ ಕೋಟಿನಲ್ಲಿ. 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯಕ್ಕೆ ಸೋಂಕು ತಗಲದಂತೆ ನೋಡಿಕೊಳ್ಳೋ ವಿಧಾನ ಪ್ರಕಟಿಸಿದ ಮೇಲೆ ನಿಧಾನಕ್ಕೆ ಇದು ಬದಲಾಯ್ತು. ಥಾಮಸ್ ಈಕಿನ್ಸ್ ಅನ್ನೋ ಅಮೆರಿಕದ ಚಿತ್ರಕಾರನ ಎರಡು ಚಿತ್ರಗಳನ್ನು ಫೋನಿನಲ್ಲಿ ಹುಡುಕಿ ಪಕ್ಕ ಪಕ್ಕ ಇಟ್ಟು ನೋಡಿ. 1875ರ 'ಗ್ರಾಸ್ ಕ್ಲಿನಿಕ್' ಚಿತ್ರದಲ್ಲಿ ಡಾಕ್ಟರು ಕಪ್ಪು ಕೋಟಿನಲ್ಲಿದ್ದಾನೆ, ಕೈಯಲ್ಲಿ ರಕ್ತ. 1889ರ 'ಆಗ್ನ್ಯೂ ಕ್ಲಿನಿಕ್' ಚಿತ್ರದಲ್ಲಿ ಡಾಕ್ಟರುಗಳು ಬಿಳಿ ನಿಲುವಂಗಿಯಲ್ಲಿದ್ದಾರೆ. ನಡುವೆ ಇರೋದು ಬರೀ 14 ವರ್ಷ. ವೈದ್ಯಕೀಯದಲ್ಲಿ ಒಳ್ಳೆ ಬಟ್ಟೆ ಅಂದ್ರೆ ದುಬಾರಿ ಬಟ್ಟೆ ಅಲ್ಲ, ಒಗೆದ ಬಟ್ಟೆ ಅಂತ ಆ ಹೊತ್ತಿಗೆ ತೀರ್ಮಾನ ಆಗಿತ್ತು.

ಈಗ ಇನ್ನೊಂದು ಕಥೆ. ಇದನ್ನು ನಮ್ಮ ತಂಗಿಗಂತಲೇ ತೆಗೆದಿಟ್ಟಿದ್ದೆ.

1960ರ ದಶಕದಲ್ಲಿ ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಅಂದ್ರೆ ಹೆಣ ಸಾಗಿಸೋ ಗಾಡಿ. ತಮಾಷೆ ಅಲ್ಲ. ಉದ್ದಕ್ಕೆ ಮಲಗಿಸೋ ಜಾಗ ಇದ್ದದ್ದು ಅದರಲ್ಲೇ, ಹಾಗಾಗಿ ಶವಸಂಸ್ಕಾರದ ಅಂಗಡಿಯವರೇ ಗಾಡಿ ಕಳಿಸ್ತಿದ್ರು. ಪಿಟ್ಸ್‌ಬರ್ಗ್ ನಗರದಲ್ಲಿ ಪೊಲೀಸ್ ವ್ಯಾನು ಬರ್ತಿತ್ತು, ಒಳಗೆ ಚಿಕಿತ್ಸೆ ಗೊತ್ತಿದ್ದವರು ಯಾರೂ ಇರ್ತಿರಲಿಲ್ಲ. ಅಲ್ಲಿನ ಡಾಕ್ಟರ್ ಪೀಟರ್ ಸಾಫರ್, ಇವತ್ತು ನಾವು ಸಿಪಿಆರ್ ಅನ್ನೋ ಜೀವ ಉಳಿಸೋ ವಿಧಾನ ರೂಪಿಸಿದವರಲ್ಲಿ ಒಬ್ಬರು. 1966ರಲ್ಲಿ ಅವರ ಮಗಳೇ ಅಸ್ತಮಾದಿಂದ ತೀರಿಕೊಂಡಳು.

1967ರಲ್ಲಿ ಅವರು ಫ್ರೀಡಂ ಹೌಸ್ ಅನ್ನೋ ಸಂಸ್ಥೆಯ ಜೊತೆ ಸೇರಿ ಆಂಬುಲೆನ್ಸ್ ಸೇವೆ ಶುರು ಮಾಡಿದರು. ಕೆಲಸಕ್ಕೆ ಯಾರನ್ನು ತಗೊಂಡ್ರು ಗೊತ್ತಾ? ಬಡ ಬಡಾವಣೆಯ ಕಪ್ಪು ಜನಾಂಗದ ಯುವಕರನ್ನು. 'ಇವರು ಯಾವ ಕೆಲಸಕ್ಕೂ ಆಗಲ್ಲ' ಅಂತ ಊರು ಕೈಬಿಟ್ಟವರನ್ನು. ಅವರಿಗೆ ಸುಮಾರು 300 ಗಂಟೆ ತರಬೇತಿ ಕೊಟ್ಟರು. ಕೋಟು ನೋಡಿ ಆರಿಸಿದ್ರೆ ಅವರಲ್ಲಿ ಒಬ್ಬರೂ ಒಳಗೆ ಬರ್ತಿರಲಿಲ್ಲ. ಅದೇ ಹುಡುಗರು ಅಮೆರಿಕದ ಮೊದಲ ಪ್ಯಾರಾಮೆಡಿಕ್‌ಗಳ ಸಾಲಿಗೆ ಸೇರಿದರು. ಮುಂದೆ ಅವರ ವೈದ್ಯಕೀಯ ನಿರ್ದೇಶಕಿಯಾಗಿ ಬಂದ ಡಾಕ್ಟರ್ ನ್ಯಾನ್ಸಿ ಕ್ಯಾರೊಲೈನ್ ಪ್ಯಾರಾಮೆಡಿಕ್‌ಗಳ ದೊಡ್ಡ ಪಠ್ಯಪುಸ್ತಕವನ್ನೇ ಬರೆದರು.

ಕೊನೆ ಮಾತ್ರ ಸಿಹಿ ಅಲ್ಲ. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರು ಮಾಡಿ ಫ್ರೀಡಂ ಹೌಸ್ ಮುಚ್ಚಿಸಿತು. ಅನುಭವ ಇದ್ದ ಎಷ್ಟೋ ಜನ ಮೂಲೆಗೆ ಸರಿದರು. ಕೆಲಸ ಬರುತ್ತೆ ಅಂತ ಸಾಬೀತು ಮಾಡಿದ ಮೇಲೂ ಚರ್ಮ ನೋಡಿ ಅಳೆಯೋದು ನಿಲ್ಲಲಿಲ್ಲ. ಅದನ್ನು ಮುಚ್ಚಿಟ್ಟು ಬರೀ ಗೆದ್ದ ಕಥೆ ಹೇಳಿದ್ರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತೆ.

ಅದೇ ದಶಕದಲ್ಲಿ ಇನ್ನೊಂದು ಗುರುತು ಹುಟ್ಟಿತು. ಆಂಬುಲೆನ್ಸ್ ಮೇಲೆ ಆರು ತೋಳಿನ ನೀಲಿ ನಕ್ಷತ್ರ, ನಡುವೆ ಹಾವು ಸುತ್ತಿದ ಕೋಲು ನೋಡಿರ್ತೀರಲ್ಲ? ಕೆಂಪು ಶಿಲುಬೆಯನ್ನು ಹೋಲೋ ಗುರುತು ಬಳಸಬೇಡಿ ಅಂತ ರೆಡ್‌ಕ್ರಾಸ್ ಆಕ್ಷೇಪ ಎತ್ತಿದ್ದಕ್ಕೆ ಅಮೆರಿಕ ಸರ್ಕಾರ ಇದನ್ನು ಮಾಡಿಸಿತು. ಆರು ತೋಳು ಅಂದ್ರೆ ಆರು ಹಂತ: ಗುರುತಿಸೋದು, ತಿಳಿಸೋದು, ಧಾವಿಸೋದು, ಸ್ಥಳದಲ್ಲೇ ಚಿಕಿತ್ಸೆ, ದಾರಿಯಲ್ಲಿ ಚಿಕಿತ್ಸೆ, ಆಸ್ಪತ್ರೆಗೆ ಒಪ್ಪಿಸೋದು. ಸಂದರ್ಶನದಲ್ಲಿ ಕೇಳಿದ್ರೆ ಈ ಆರನ್ನು ಹೇಳಿ. ಇನ್ನೊಂದು ಮಾತು, ಬ್ಯಾಗಿಗೆ, ಬೈಕಿಗೆ ಕೆಂಪು ಶಿಲುಬೆ ಸ್ಟಿಕರ್ ಅಂಟಿಸ್ಕೊಂಡು ಹೋಗ್ಬೇಡಿ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅದನ್ನು ಬಳಸೋ ಹಾಗಿಲ್ಲ.

ನಮ್ಮಲ್ಲಿಗೆ ಇದೆಲ್ಲ ಬಂದದ್ದು ತಡವಾಗಿ. ಹೆರಿಗೆ ನೋವು ಬಂದ್ರೆ, ಹಾವು ಕಚ್ಚಿದ್ರೆ ಟ್ರ್ಯಾಕ್ಟರ್, ಟಂಟಂ, ಸಿಕ್ಕ ಜೀಪು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಇಂಥ ಒಂದು ಕಥೆ ಇಲ್ಲದ ಮನೆ ಇರಲಿಕ್ಕಿಲ್ಲ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಸೇವೆ ಶುರುವಾಯ್ತು. ಕರ್ನಾಟಕಕ್ಕೆ 'ಆರೋಗ್ಯ ಕವಚ' ಅನ್ನೋ ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದರ ಜೊತೆ ಎರಡು ಹೊಸ ಪದಗಳೂ ಬಂದ್ವು. ಗಾಡಿ ಓಡಿಸೋರು 'ಪೈಲಟ್', ಹಿಂದೆ ಕೂರೋರು 'ಇಎಂಟಿ'. ನಮ್ಮ ಹಳ್ಳಿ ಹುಡುಗ-ಹುಡುಗಿಯರಿಗೆ ಸಮವಸ್ತ್ರ ಹಾಕ್ಕೊಂಡು, ಅಪರಿಚಿತರ ಮನೆ ಬಾಗಿಲಿಗೆ ಹೋಗಿ "ಗಾಬರಿ ಆಗ್ಬೇಡ್ರಿ, ನಾವ್ ಬಂದೀವಿ" ಅನ್ನೋ ಕೆಲಸ ಸಿಕ್ತು.

ಹಂಗಾದ್ರ ತಂಗೀ, ನಿನ್ನ ಪ್ರಶ್ನೆಗೆ ಬರೋಣ. ಇತಿಹಾಸ ಮೂರು ಮಾತು ಹೇಳ್ತು. ಬಟ್ಟೆ ನೋಡಿದವರಿಗೆ ನಂಬಿಕೆ ಬರಬೇಕು. ಒಗೆದಿರಬೇಕು. ಅದರಲ್ಲಿ ಕೆಲಸ ಮಾಡೋಕೆ ಬರಬೇಕು. ಕೋಟು ಈ ಮೂರರಲ್ಲಿ ಎಲ್ಲೂ ಇಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ ರೋಗಿಗಳನ್ನು ಮುಟ್ಟೋರು ಮೊಣಕೈ ಕೆಳಗೆ ಏನೂ ಹಾಕ್ಬಾರದು ಅನ್ನೋ ನಿಯಮವನ್ನೇ ತಂತು. ಉದ್ದ ತೋಳಿಲ್ಲ, ವಾಚಿಲ್ಲ, ಕೈತುಂಬ ಆಭರಣ ಇಲ್ಲ. ಚೆನ್ನಾಗಿ ಕೈ ತೊಳೆಯೋಕೆ ಅವೇ ಅಡ್ಡಿ. ಟೈ ಅಂತೂ ರೋಗಿಯಿಂದ ರೋಗಿಗೆ ಸೋಂಕು ಸಾಗಿಸೋ ಪಟ್ಟಿ, ಹುಡುಗರೂ ಕೇಳಿಸಿಕೊಳ್ರಿ.

ಮನೆಯಲ್ಲಿ ಒಂದು ಪರೀಕ್ಷೆ ಮಾಡು. ಹಾಕ್ಕೊಳ್ಬೇಕು ಅಂದ್ಕೊಂಡ ಬಟ್ಟೆ ಹಾಕ್ಕೊಂಡು ನೆಲದ ಮೇಲೆ ಮಂಡಿಯೂರು. ಮುಂದೆ ಒಂದು ಗಟ್ಟಿ ದಿಂಬು ಇಟ್ಕೊ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತು, ಎರಡು ನಿಮಿಷ. ಸಿಪಿಆರ್ ಲೆಕ್ಕ ಅದೇ. ಓಢಣಿ ಜಾರಿ ಮುಂದೆ ಬಿತ್ತಾ? ಪಿನ್ ಹಾಕು. ಸೀರೆ ಕಾಲಿಗೆ ಸಿಕ್ತಾ? ಚೂಡಿದಾರ ಹಾಕು. ತೋಳು ಬಿಗೀತಾ? ಬೇರೆ ಅಂಗಿ ತೆಗಿ. ಸಂದರ್ಶನದಲ್ಲೇ "ಮಾಡಿ ತೋರಿಸು" ಅಂದ್ರೆ ನೀನು ಹಿಂಜರಿಯೋ ಹಾಗಿರಬಾರದು.

ಉಳಿದದ್ದು ಸಣ್ಣ ಪಟ್ಟಿ. ಒಗೆದು ಇಸ್ತ್ರಿ ಮಾಡಿದ, ಇರೋದರಲ್ಲೇ ಒಳ್ಳೆಯ ಸಾದಾ ಬಟ್ಟೆ. ಬೆರಳು ಕಾಣದ, ಜಾರದ ಶೂ. ಅಪಘಾತದ ಜಾಗದಲ್ಲಿ ಗಾಜು, ರಕ್ತ, ಎಣ್ಣೆ ಇರುತ್ತೆ ಅನ್ನೋದು ಗೊತ್ತಿದೆ ಅಂತ ಅದೇ ಹೇಳುತ್ತೆ. ಕತ್ತರಿಸಿದ ಉಗುರು, ಹಿಂದಕ್ಕೆ ಕಟ್ಟಿದ ಕೂದಲು. ಘಮ್ ಅನ್ನೋ ಸೆಂಟು ಬೇಡ, ಉಸಿರಾಟದ ತೊಂದರೆ ಇರೋರಿಗೆ ಅದು ಆಗಿಬರಲ್ಲ. ಒಂದು ಫೈಲಿನಲ್ಲಿ ಅಂಕಪಟ್ಟಿ, ನೋಂದಣಿ ಪತ್ರ, ಆಧಾರ್. ಸರ್ಕಾರಿ ಹುದ್ದೆ ಆದ್ರೆ 371(ಜೆ) ಪ್ರಮಾಣಪತ್ರ ಮರೀಬೇಡ. ಕಲ್ಯಾಣ ಕರ್ನಾಟಕದವರಿಗೆ ಅದು ಕೋಟಿಗಿಂತ ಬೆಲೆಬಾಳೋದು. ಮತ್ತೆ ಹಿಂದಿನ ದಿನವೇ ಬಸ್ಸಿನ ವೇಳೆ ನೋಡ್ಕೊ. ಸುರಪುರ, ಶಹಾಪುರ ದಾಟಿ ಯಾದಗಿರಿ ಮುಟ್ಟೋದರೊಳಗೆ ಬಟ್ಟೆ ಮುದ್ದೆ ಆಗಿರುತ್ತೆ, ಅಂಗಿ ಬ್ಯಾಗಿನಲ್ಲಿ ಒಯ್ದು ಅಲ್ಲೇ ಬದಲಿಸಿಕೊಂಡ್ರೂ ನಡೆಯುತ್ತೆ.

ಅವ್ವನಿಗೂ ಒಂದು ಮಾತು ಹೇಳು. ಸೀರೆ ತಪ್ಪಲ್ಲ. ನಮ್ಮ ದೇಶದ ಎಷ್ಟೋ ನರ್ಸಮ್ಮಂದಿರು ಬಿಳಿ ಸೀರೆಯಲ್ಲೇ ಜೀವ ಉಳಿಸಿದ್ದಾರೆ. ಓಡೋ ಗಾಡಿಯೊಳಗೆ ಹತ್ತಿ ಇಳಿಯೋ ಕೆಲಸಕ್ಕೆ ಚೂಡಿದಾರ ಸಲೀಸು, ಅಷ್ಟೇ. ಆ ಸೀರೆಯನ್ನು ಮೊದಲ ಪಗಾರದ ದಿನಕ್ಕೆ ಎತ್ತಿಡಲಿ.

ಕೋಟಿಗೆ ಸಾಲ ಮಾಡ್ಬೇಡ ತಂಗೀ. ಕೆಲಸ ಸಿಕ್ಕ ಮೇಲೆ ಹಾಕ್ಕೊಳ್ಳೋ ಬಟ್ಟೆ ಅವರೇ ಕೊಡ್ತಾರೆ. ಆಮೇಲೆ ಏನಾಯ್ತು ಅಂತ ಒಂದು ವಾಯ್ಸ್ ಮೆಸೇಜ್ ಹಾಕು, ನಾವೆಲ್ಲ ಕಾಯ್ತಿರ್ತೀವಿ. ಬರ್ತೀನ್ರಿ, ಮುಂದಿನ ವಾರ ಸಿಗೋಣ.